ಹೊಳೆ ನಡುವೆ ಮಾವ, ಮಾತಾಡದ ರೇಡಿಯೊಗಳು

ನಮ್ಮ ಮಾವನವರು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಕೆಲಸ ಬಿಟ್ಟರೂ ಗಂಟಲು ಬಿಟ್ಟಿಲ್ಲ. "ಟೀ!" ಅಂದರೆ ಎದುರುಮನೆಯವರೂ ಒಲೆ ಹಚ್ಚುತ್ತಾರೆ. ಮನೆಯಲ್ಲಿ ಇನ್ನಿಬ್ಬರು ಗಂಡಸರಿದ್ದಾರೆ. ನಮ್ಮ ಯಜಮಾನರು ಪೊಲೀಸ್ ಹೆಡ್ ಕಾನ್‌ಸ್ಟೆಬಲ್, ನನ್ನ ತಮ್ಮ ಅಗ್ನಿಶಾಮಕ ಠಾಣೆಯಲ್ಲಿದ್ದಾನೆ. ನಾನು ಹೊಲಿಗೆ ಮಿಷನ್ ತುಳಿಯುತ್ತಾ ಈ ಮೂವರನ್ನೂ ಸಂಭಾಳಿಸುತ್ತೇನೆ. ಸುಲಭ ಅಂದುಕೊಳ್ಳಬೇಡಿ.

ಆ ಬೆಳಿಗ್ಗೆ ಟೀ ಕುಡಿಯುತ್ತಾ ತಮ್ಮ ಒಂದು ಸುದ್ದಿ ತೆಗೆದ. ಪೊಲೀಸ್, ಅಗ್ನಿಶಾಮಕ, ಅಣೆಕಟ್ಟೆ ಕಾವಲು, ಹೀಗೆ ಸರ್ಕಾರದ ತುರ್ತು ಸೇವೆ ಇಲಾಖೆಗಳ ರೇಡಿಯೊಗಳೆಲ್ಲ ಒಂದಕ್ಕೊಂದು ಮಾತಾಡುವಂತಿರಬೇಕು ಅಂತ ಮಸೂದೆ ಬರುತ್ತಿದೆಯಂತೆ. ಜನರ ಅಭಿಪ್ರಾಯವನ್ನೂ ಕೇಳುತ್ತಾರಂತೆ.

"ಯಾಕೆ, ಈಗ ಮಾತಾಡಲ್ವಾ?" ಅಂದೆ.

"ಎಲ್ಲಿಂದ ಅಕ್ಕ? ಒಂದೊಂದು ಇಲಾಖೆ ಒಂದೊಂದು ಥರದ ಸೆಟ್ ತಗೊಂಡಿದೆ. ನನ್ನ ಸೆಟ್ಟಲ್ಲಿ ಹೇಳಿದ್ದು ಭಾವನ ಸೆಟ್ಟಿಗೆ ಕೇಳ್ಸಲ್ಲ. ನಾನು ನಮ್ಮ ಕಂಟ್ರೋಲ್ ರೂಮಿಗೆ ಹೇಳ್ಬೇಕು, ಅವರು ಪೊಲೀಸ್ ಕಂಟ್ರೋಲ್ ರೂಮಿಗೆ ಫೋನ್ ಮಾಡ್ಬೇಕು, ಆಮೇಲೆ ಅವರು ಭಾವಂಗೆ ಹೇಳ್ಬೇಕು."

ಯಜಮಾನರು ಮೂಗು ಮುರಿದರು. "ಎಲ್ಲಾರೂ ಒಂದೇ ಕಡೆ ಮಾತಾಡಿದ್ರೆ ಸಂತೆ ಆಗುತ್ತೆ ಕಣೋ. ನಾನು ಕಳ್ಳನ ಹಿಂದೆ ಓಡ್ತಿರೋವಾಗ ನಿಮ್ಮ ನೀರಿನ ಪೈಪಿನ ಕಥೆ ನಂಗ್ಯಾಕೆ?"

"ದಿನಾ ಅಲ್ಲ ಭಾವ. ದಿನದ ಕೆಲಸಕ್ಕೆ ಅವರವರ ಚಾನೆಲ್ ಅವರವರಿಗೇ. ಅವಘಡ ಆದಾಗ ಎಲ್ಲರೂ ಸೇರೋಕೆ ಒಂದು ಚಾನೆಲ್. ಹೊಸ ಸೆಟ್ ಕೊಳ್ಳೋವಾಗ ಅದಕ್ಕೆ ಹೊಂದೋದನ್ನೇ ಕೊಳ್ಬೇಕು, ಎಲ್ಲಾ ಇಲಾಖೆಯೋರೂ ಸೇರಿ ಅಭ್ಯಾಸ ಮಾಡ್ಬೇಕು."

ಮಾವ ಲೋಟ ಕುಕ್ಕಿದರು. "ಅದೊಂದು ಬಾಕಿ ಇತ್ತು ನೋಡು! ನಾನು ಯಾವ ರೇಡಿಯೊ ಹಿಡ್ಕೊಂಡು ಹರಾಜು ಕೂಗ್ದೆ? ಗಂಟ್ಲಲ್ಲಿ ದಮ್ಮಿರ್ಬೇಕು ಕಣಯ್ಯ. ನಮ್ಮ ತೆರಿಗೆ ದುಡ್ಡು ಇವರಿಗೆ ಬಿಟ್ಟಿ ಸಿಕ್ಕಿದೆ!" ಹಾಗಂದವರೇ ಗಾಳ ಹೆಗಲಿಗೇರಿಸಿ ಹೊಳೆಗೆ ಹೊರಟರು.

ಬಿಸಿಲೇರುವ ಹೊತ್ತಿಗೆ ಅಣೆಕಟ್ಟೆಯ ಸೈರನ್ ಕೂಗಿತು. ಗೇಟು ತೆರೆಯುತ್ತೇವೆ, ಹೊಳೆಯಿಂದ ಮೇಲೆ ಬನ್ನಿ ಅಂತ ಅದರ ಅರ್ಥ. ಊರಿನ ಎಮ್ಮೆಗಳಿಗೂ ಗೊತ್ತು. ನಮ್ಮ ಮಾವ ಮಾತ್ರ ನಡುಹೊಳೆಯ ಬಂಡೆ ಮೇಲೆ ಕೂತವರು ಕದಲಲಿಲ್ಲ. ಮೀನು ಆಗಷ್ಟೇ ಗಾಳ ಕಚ್ಚುತ್ತಿತ್ತಂತೆ!

ಸುದ್ದಿ ಕೇಳಿ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೆಯೇ ಓಡಿದೆ. ನೀರು ಮಾವನ ಮೊಣಕಾಲಿಗೆ ಬಂದಿತ್ತು. ಅವರು ಕೂಗುತ್ತಿದ್ದದ್ದು ಕಾಣಿಸುತ್ತಿತ್ತು, ಆದರೆ ಹೊಳೆಯ ಅಬ್ಬರದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ದಿನಾ ಎಷ್ಟು ಗೊಣಗಿದರೂ ಆ ಮನುಷ್ಯ ನನಗೆ ಹೆತ್ತಪ್ಪನಿಗಿಂತ ಹೆಚ್ಚು.

ಈಚೆ ದಡಕ್ಕೆ ಪೊಲೀಸ್ ಜೀಪಿನಲ್ಲಿ ಯಜಮಾನರು ಬಂದರು. ಆಚೆ ದಡಕ್ಕೆ ರಬ್ಬರ್ ದೋಣಿ ಹೊತ್ತು ತಮ್ಮನ ತಂಡ ಬಂತು. ಸೇತುವೆ ಮೇಲೆ ಜನವೋ ಜನ. ಎಲ್ಲರೂ ವಿಡಿಯೊ ಕಳಿಸಹೋಗಿ ಮೊಬೈಲ್ ನೆಟ್‌ವರ್ಕ್ ಸತ್ತೇ ಹೋಗಿತ್ತು.

"ದೋಣಿ ಯಾಕೆ ಬಿಡ್ತಿಲ್ಲ, ಕೇಳಿ ಸಾರ್!" ಅಂತ ಯಜಮಾನರು ತಮ್ಮ ಕಂಟ್ರೋಲ್ ರೂಮಿಗೆ ಅರಚಿದರು. ಅಲ್ಲಿಂದ ಮರುಪ್ರಶ್ನೆ ಬಂತು. ಬಂಡೆ ಮೇಲಿರುವವರ ತಂದೆಯ ಹೆಸರೇನು?

"ತಂದೆ ಹೆಸರಾ? ಅವರೇ ನಮ್ಮ ತಂದೆ ಸಾರ್!"

ಆಚೆ ದಡದಲ್ಲಿ ತಮ್ಮ ಎರಡೂ ಕೈ ಎತ್ತಿ ಏನೋ ಸನ್ನೆ ಮಾಡಿದ. ಎಲ್ಲಾ ಸರಿಯಿದೆ ಅಂತಿದ್ದಾನೆ ಅಂದುಕೊಂಡು ಇವರೂ ಕೈ ಬೀಸಿದರು. ರೈಲು ಹತ್ತಿಸಲು ಬಂದವರ ಹಾಗೆ ಭಾವ-ಮೈದುನ ಕೈ ಬೀಸುತ್ತಾ ನಿಂತರು. ಮಾವನ ಸೊಂಟಕ್ಕೆ ನೀರು ಬಂದಾಗ ಕಂಟ್ರೋಲ್ ರೂಮಿನಿಂದ ಉತ್ತರ ಬಂತು. ಸೆಳೆತ ಜಾಸ್ತಿ, ಗೇಟು ಮುಚ್ಚದೆ ದೋಣಿ ಬಿಡಲಾಗದು. ಅಣೆಕಟ್ಟೆಗೆ ಫೋನ್ ಸಿಗುತ್ತಿಲ್ಲ, ಅಲ್ಲಿನ ಕಾವಲಿನವರ ರೇಡಿಯೊ ಪೊಲೀಸರಿಗೂ ಸಿಗದು, ಅಗ್ನಿಶಾಮಕದವರಿಗೂ ಸಿಗದು.

ನನಗೆ ನಖಶಿಖಾಂತ ಉರಿಯಿತು. "ಜೀಪನ್ನ ಅಣೆಕಟ್ಟೆಗೆ ಓಡಿಸ್ರಿ! ಅದ್ರಲ್ಲಿ ಒಂದು ಸೆಟ್ ಇದೆಯಲ್ಲ. ನಿಮ್ಮ ಕೈಯಲ್ಲಿರೋದು ಇಲ್ಲಿ ಕೊಡಿ, ನನ್ನ ತಮ್ಮಂಗೆ ಕೊಡ್ತೀನಿ."

"ಸರ್ಕಾರಿ ಸೆಟ್ಟು ಕಣೇ, ಬೇರೆಯೋರ ಕೈಗೆ ಕೊಡೋ ಹಾಗಿಲ್ಲ."

"ಹಾಗಾದ್ರೆ ಸರ್ಕಾರದಿಂದ ಒಬ್ಬ ಅಪ್ಪನ್ನೂ ತರಿಸ್ಕೊಳ್ಳಿ!"

ಅವರು ಬಾಯಿ ತೆರೆಯುವಷ್ಟರಲ್ಲಿ ಸೆಟ್ ನನ್ನ ಕೈಯಲ್ಲಿತ್ತು. ಯಜಮಾನರು ಹತ್ತಿದ ಜೀಪು ಅಣೆಕಟ್ಟೆಯ ಕಡೆ ಹಾರಿತು. ನಾನು ವಿಡಿಯೊ ವೀರರನ್ನು ಮೊಣಕೈಯಲ್ಲಿ ತಿವಿಯುತ್ತಾ ಸೇತುವೆ ದಾಟಿದೆ. ನನ್ನ ತಮ್ಮ ಕೈಯಿಂದ ಸೆಟ್ ಕಸಿದುಕೊಂಡು, "ಗೇಟು ಮುಚ್ಚಿಸಿ!" ಅಂದ. ಅಣೆಕಟ್ಟೆಯಲ್ಲಿ ಜೀಪಿನ ಪಕ್ಕದಲ್ಲೇ ನಿಂತಿದ್ದ ಕಾವಲುಗಾರನ ದನಿ ನೇರವಾಗಿ ಕೇಳಿಸಿತು. "ಮುಚ್ತೀವಿ. ಆದ್ರೆ ಹಿಂದೆ ನೀರು ಒತ್ತುತ್ತಿದೆ, ತುಂಬಾ ಹೊತ್ತು ತಡೆಯೋಕಾಗಲ್ಲ. ತೆರೆಯೋ ಮುಂಚೆ ಹೇಳ್ತೀವಿ."

ಸೆಳೆತ ಇಳಿಯಿತು. ಸೆಟ್ ಹಿಡಿದ ತಮ್ಮನೊಂದಿಗೆ ದೋಣಿ ಹೊರಟಿತು. ಮಾವನನ್ನು ಒಳಗೆಳೆದುಕೊಂಡ ಹೊತ್ತಿಗೇ ಸೆಟ್ ಕಿರುಚಿತು. "ತೆರೀಬೇಕು, ಬೇಗ!" ತಮ್ಮ ದೋಣಿಯನ್ನು ಹತ್ತಿರದ ದಡಕ್ಕೆ ತಿರುಗಿಸಿದ. ಮಾವ ದಡ ಹತ್ತಿದ ಮೇಲೆ ಹಿಂತಿರುಗಿ ನೋಡಿದರೆ ಬಂಡೆ ಕಾಣಲೇ ಇಲ್ಲ. ನಾನು ಅಲ್ಲೇ ಅತ್ತುಬಿಟ್ಟೆ.

ಯಜಮಾನರು ಜೀಪಿನಲ್ಲಿ ವಾಪಸ್ ಬಂದಾಗ ಮಾವ ಗಡಗಡ ನಡುಗುತ್ತಾ ಮಗನನ್ನೂ ನನ್ನ ತಮ್ಮನನ್ನೂ ದಿಟ್ಟಿಸಿದರು. "ಅಲ್ರಯ್ಯ, ಒಂದೇ ಮನೇಲಿ ಉಣ್ತೀರ, ಒಂದೇ ಸೋಪಲ್ಲಿ ಸ್ನಾನ ಮಾಡ್ತೀರ. ನಾನು ಮುಳುಗ್ತಿದ್ರೆ ಒಂದು ಮಾತಾಡೋಕೆ ಆಗ್ಲಿಲ್ವಾ?"

"ಬೆಳಿಗ್ಗೆ ಅದನ್ನೇ ಹೇಳಿದ್ದು ಮಾವ," ಅಂದ ತಮ್ಮ.

ಸೆಟ್ ಬೇರೆಯವರಿಗೆ ಕೊಟ್ಟದ್ದಕ್ಕೆ ಯಜಮಾನರಿಗೆ ಮರುದಿನ ನೋಟಿಸ್ ಬಂತು. ಅದನ್ನೋದಿದ ಮಾವ ಕೆಂಡವಾದರು. ಸಂತೆ ಆಗುತ್ತೆ ಅಂದಿದ್ದ ಯಜಮಾನರೂ ಮಸೂದೆ ಬಂದರೇ ಒಳ್ಳೆಯದು ಅಂದರು. ಜನಾಭಿಪ್ರಾಯದ ಸಭೆಗೆ ಮನೆಮಂದಿಯೆಲ್ಲ ಹೋದೆವು. ಮಾವ ಮೈಕನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತರು.

"ನನಗೆ ಸೊಸೆ ಇದ್ಲು, ಓಡಿದ್ಲು, ಬದುಕಿದೆ. ಎಲ್ಲರ ಮನೇಲೂ ಹೀಗೆ ಓಡೋ ಸೊಸೆ ಇರ್ತಾಳೇನ್ರಯ್ಯ? ಇಲ್ದೋರಿಗೋಸ್ಕರ ಆದ್ರೂ ಈ ಕಾನೂನು ಮಾಡಿ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಪೊಲೀಸ್ ರೇಡಿಯೊ ಅಗ್ನಿಶಾಮಕದವರಿಗೆ ಕೇಳಿಸುತ್ತದೆಯೇ? ನಿಮ್ಮ ಪ್ರತಿನಿಧಿ ವೋಟು ಕೇಳಲು ಬಂದಾಗ ಇದನ್ನು ಕೇಳಿ. ಮಸೂದೆಗೆ ಅಭಿಪ್ರಾಯ ಕೇಳಿದಾಗ ನಾಲ್ಕು ಸಾಲು ಬರೆದು ಕಳಿಸಿ. ಮನೆಯವರು ನೀರಿನಲ್ಲೋ ಬೆಂಕಿಯಲ್ಲೋ ಸಿಕ್ಕಿಕೊಂಡ ಮೇಲೆ ಕೇಳಲು ಪುರುಸೊತ್ತು ಇರುವುದಿಲ್ಲ, ಇವತ್ತೇ ಕೇಳಿ.