ಎಂಜಿನ್ ಗೋಡೆಯ ತೂತು

ಮಡಕಶಿರಕ್ಕೆ ಕೊಟ್ಟಿದ್ದ ಮಗಳು ಮಂಜುಳ ಹಡೆದ ಸುದ್ದಿ ಬಂದಾಗಿನಿಂದ ಸುಂಕಲಮ್ಮನವರ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಸೊಸೆ ಶಾಂತಕುಮಾರಿ ಬೆಳಗ್ಗೆಯೇ ಕಾರು ತೆಗೆದಳು. ಮನೆಯಲ್ಲಿ ಹೊಲಿದ ಜೀನ್ಸ್ ಗಂಟುಗಳನ್ನು ಬಳ್ಳಾರಿಗೆ ಸಾಗಿಸಲೆಂದು ರಾಯದುರ್ಗದಲ್ಲಿ ಈಚೆಗೆ ಕೊಂಡಿದ್ದ ಹಳೇ ಗಾಡಿ ಅದು. ಚಳಿಗೆ ಹೆದರಿ ಅತ್ತೆ ಕಿಟಕಿಗಳನ್ನೆಲ್ಲ ಏರಿಸಲು ಹೇಳಿದರು.

ಪಾವಗಡ ದಾಟುವಷ್ಟರಲ್ಲಿ ಶಾಂತಕುಮಾರಿಗೆ ತಲೆ ಸಿಡಿಯತೊಡಗಿತ್ತು. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಅಂದುಕೊಂಡಳು. ಅತ್ತೆ ಆಗಲೇ ಕಣ್ಣು ಮುಚ್ಚಿ ಒರಗಿದ್ದರು.

ಮುಂದೆ ಕುರಿಹಿಂಡೊಂದು ದಾರಿ ತುಂಬ ಬಂದು ಗಾಡಿ ನಿಂತಿತು. ಗುಮ್ಮಘಟ್ಟದ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಸುಂಕಲಮ್ಮ ಹಿಂಡು ಕಂಡರೆ ಸುಮ್ಮನೆ ಕೂರುವವರಲ್ಲ.

"ಅತ್ತಿ, ಕುರಿ ನೋಡ್ರಿ."

ಅತ್ತೆ ಕಣ್ಣು ತೆರೆಯಲಿಲ್ಲ. ಭುಜ ಅಲುಗಿಸಿದಳು. ತಲೆ ವಾಲಿ ಗಾಜಿಗೆ ಬಡಿಯಿತು, ಆದರೂ ಎಚ್ಚರವಾಗಲಿಲ್ಲ.

ಬಾಗಿಲು ತೆಗೆದು ಇಳಿದರೆ ಅವಳ ಕಾಲೇ ಕುಸಿಯಿತು. ಕುರಿ ಕಾಯುತ್ತಿದ್ದ ಬೋರಪ್ಪ ಕೋಲು ಬಿಸಾಕಿ ಓಡಿಬಂದ. ಮುದುಕಿಯನ್ನು ಹೊರಗೆಳೆದು ನೆಲದ ಮೇಲೆ ಮಲಗಿಸಿದ.

"ಏನಾಯ್ತಮ್ಮ ಇವ್ರಿಗೆ?"

"ಗೊತ್ತಿಲ್ರಿ. ಮಲಗ್ಯಾರ ಅನ್ಕೊಂಡಿದ್ದೆ." ಅವಳ ಮಾತು ಅವಳಿಗೇ ಎಲ್ಲೋ ದೂರದಿಂದ ಕೇಳಿಸಿತು.

ಬೋರಪ್ಪ ಟವೆಲ್ಲಿನಿಂದ ಗಾಳಿ ಬೀಸಿದ. ಎಷ್ಟೋ ಹೊತ್ತಿಗೆ ಅತ್ತೆ ಕೆಮ್ಮಿ, ಕಕ್ಕಿ, ಕಣ್ಣು ಬಿಟ್ಟರು. ಅವನು ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಬಂತು. ಮಡಕಶಿರದ ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಇಟ್ಟರು.

"ಎಂಜಿನ್ ಹೊಗೆ ಒಳಗೆ ಬಂದಿದೆ," ಅಂದರು ಡಾಕ್ಟರು. "ಇನ್ನೊಂದಿಷ್ಟು ಹೊತ್ತಾಗಿದ್ರೆ ಇಬ್ಬರೂ ಉಳೀತಿರಲಿಲ್ಲ."

"ಹೊಗಿ ಕಾಣ್ಲೇ ಇಲ್ಲಲ್ರಿ, ಸಾರ್."

"ಕೊಲ್ಲೋ ಗಾಳಿ ಕಣ್ಣಿಗೆ ಕಾಣಲ್ಲಮ್ಮ."

ಮರುದಿನ ಅತ್ತೆ ಮೊಮ್ಮಗಳನ್ನು ನೋಡಲು ಹೋದರು. ಶಾಂತಕುಮಾರಿ ಮೆಕ್ಯಾನಿಕ್ ಶಿವರಾಮನ ಶೆಡ್ಡಿಗೆ ಹೋದಳು. ಕಾರನ್ನು ಅವನೇ ಎಳೆಸಿ ತಂದಿದ್ದ. ಅವಳನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಬಾನೆಟ್ ಎತ್ತಿ ಎಂಜಿನ್ ಕಡೆಯಿಂದ ಟಾರ್ಚ್ ಬಿಟ್ಟ.

"ಬಗ್ಗಿ ನೋಡಿ ಅಕ್ಕ."

ಬೆಳಕು ಸೀದಾ ಅವಳ ಪಾದದ ಮೇಲೆ ಬಿತ್ತು. ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅದರೊಳಗೆ ಒಂದೇ ವೈರು. ಅವಳು ಪಾದವನ್ನು ಹಿಂದಕ್ಕೆಳೆದುಕೊಂಡಳು.

"ಮೊದ್ಲು ಇಟ್ಕೊಂಡಿದ್ದೋರು ಲೈಟ್ ಹಾಕಿಸೋಕೆ ಕೊರೆಸವ್ರೆ. ಸುತ್ತ ರಬ್ಬರ್ ಹಾಕ್ದೆ ಹಂಗೇ ಬಿಟ್ಟವ್ರೆ. ಹೊಗೆ ಪೈಪಿನ ಜಾಯಿಂಟೂ ಇದ್ರ ಪಕ್ಕದಲ್ಲೇ ಒಡೆದೈತೆ."

ಶಾಂತಕುಮಾರಿ ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ದಿನಾ ಕಾಲಿಡುವ ಜಾಗ ಅದು. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಶಿವರಾಮ ಜಾಯಿಂಟ್ ಬದಲಿಸಿದ. ತೂತಿಗೆ ರಬ್ಬರ್ ಬಳೆ ಕೂರಿಸಿ, ಅದರೊಳಗಿಂದ ವೈರು ಎಳೆದು, ಎರಡೂ ಬದಿಗೆ ಕಪ್ಪು ಅಂಟು ಮೆತ್ತಿದ. ಅಂಟು ಒಣಗಿದ ಮೇಲೆ ಮತ್ತೆ ಟಾರ್ಚ್ ಬಿಟ್ಟ. ಒಳಗೆಲ್ಲ ಕತ್ತಲೆ.

"ಇನ್ನೊಂದ್ಸಲ ಬಿಡ್ರಿ," ಅಂದಳು. ಬಿಟ್ಟ. ಕತ್ತಲೆಯೇ.

ಕೀಲಿ ಕೈಯಲ್ಲಿತ್ತು, ತಿರುಗಿಸಲು ಬೆರಳು ಬರಲಿಲ್ಲ. ಅವತ್ತು ಅತ್ತೆಯನ್ನು ಮಂಜುಳಳ ಮನೆಯಲ್ಲೇ ಬಿಟ್ಟು ಬಸ್ಸಿಗೆ ಊರಿಗೆ ಹೋದಳು. ಕಾರನ್ನು ಆಮೇಲೆ ಗಂಡ ಬಂದು ಒಯ್ದ.