ಗುಬ್ಬಿ ತೊಟ್ಟ ಸಜ್ಜು

ಆ ಆಟದಲ್ಲಿ ಯಾರ ಮೇಲೆ ಬೆರಳಿಟ್ಟರೂ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತಿತ್ತು. ಕಿಟಕಿಯೊಳಗೆ ಆ ಆಟಗಾರನ ಬೊಂಬೆ ನಿಧಾನವಾಗಿ ತನ್ನ ಸುತ್ತ ತಾನೇ ತಿರುಗುತ್ತಿತ್ತು. ಪಕ್ಕದಲ್ಲಿ ಏಳು ಚೌಕಗಳು: ಶಿರಸ್ತ್ರಾಣ, ಕವಚ, ಆಯುಧ, ಗುರಾಣಿ, ಉಂಗುರ, ಕೈಗವಸು, ಪಾದರಕ್ಷೆ. ಒಂದೊಂದು ಚೌಕದ ಕೆಳಗೂ ಒಂದು ಅಂಕಿ, ಎಲ್ಲ ಸೇರಿ ಕೊನೆಗೊಂದು ದೊಡ್ಡ ಅಂಕಿ. ಎದುರು ನಿಂತವರು ಗಂಡೋ ಹೆಣ್ಣೋ, ಎಳೆಯರೋ ವಯಸ್ಸಾದವರೋ ಒಂದೂ ತಿಳಿಯುತ್ತಿರಲಿಲ್ಲ. ಆದರೆ ಅವರು ಏನೇನು ತೊಟ್ಟಿದ್ದಾರೆಂಬುದು ಒಂದು ಕ್ಷಣದಲ್ಲಿ ತಿಳಿದುಬಿಡುತ್ತಿತ್ತು. ನಾವು ಕೇಳಬೇಕಾಗಿರಲಿಲ್ಲ, ಅವರು ತೋರಿಸಬೇಕಾಗಿಯೂ ಇರಲಿಲ್ಲ.

ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಆ ಕಿಟಕಿ. ನಮ್ಮ ಊರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಚೆಕ್ಕರ್ ಆಗಿದ್ದೆ. ಹೊಲಿದು ಬಂದ ಅಂಗಿಗಳನ್ನು ಬಿಳಿಯ ಮೇಜಿನ ಮೇಲೆ ಹರಡಿ, ಕಾಲರ್, ತೋಳು, ಗುಂಡಿ ಎಂದು ಒಂದೊಂದಾಗಿ ನೋಡಿ, ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಹೊಲಿಯುವವರ ಲೈನಿಗೆ ವಾಪಸ್ಸು ಕಳಿಸುವುದು ನನ್ನ ಕೆಲಸ. ಎಂಟು ವರ್ಷಗಳಲ್ಲಿ ನಾನು ಪಾಸು ಮಾಡಿದ ಪೆಟ್ಟಿಗೆಯಿಂದ ಒಂದು ಅಂಗಿಯೂ ತಿರುಗಿ ಬಂದಿರಲಿಲ್ಲ. ನನ್ನ ಕಣ್ಣಿನ ಬಗ್ಗೆ ನನಗೆ ಜಂಬವಿತ್ತು, ಇತರರಿಗೆ ಸ್ವಲ್ಪ ಹೆದರಿಕೆಯೂ ಇತ್ತು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಫೋನು ಹಿಡಿದರೆ ಅಲ್ಲಿಯೂ ನಾನೇ ನಾಯಕಿ. ಆರು ಜನರ ಪಡೆ ನಮ್ಮದು. ಐದು ಅಂತಸ್ತಿನ ಕೋಟೆಯನ್ನು ಹತ್ತಿ, ತುದಿಯಲ್ಲಿ ಕಾಯುತ್ತಿರುವ ಕಲ್ಲಿನ ದೈತ್ಯನನ್ನು ಉರುಳಿಸುವುದು ಆಟ. ವರ್ಷಕ್ಕೊಮ್ಮೆ ಅದರ ದೊಡ್ಡ ಸ್ಪರ್ಧೆ ನಡೆಯುತ್ತಿತ್ತು, ಸಾವಿರಾರು ಪಡೆಗಳು ಸೇರುತ್ತಿದ್ದವು. ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಇಮ್ತಿಯಾಜ್ ನಮ್ಮ ಪಡೆಯನ್ನು ಕಟ್ಟಿದವನು. ಆದರೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ನನಗೇ ಬಿಟ್ಟಿದ್ದ. ಕಿಟಕಿ ತೆರೆದು ನೋಡುತ್ತಿದ್ದೆ. ಒಂಬೈನೂರಕ್ಕಿಂತ ಕಡಿಮೆ ಇದ್ದವರಿಗೆ ಜಾಗವಿರಲಿಲ್ಲ.

ಗುಬ್ಬಿ ಎಂಬ ಹೆಸರಿನ ಆಟಗಾರ ನಮ್ಮೊಳಗೆ ಬಂದದ್ದು ಈ ನಿಯಮ ತಪ್ಪಿ. ಒಂದು ಸಂಜೆ ಆರನೆಯವನು ಕೈಕೊಟ್ಟ. ಕೋಟೆಯ ಬಾಗಿಲು ಮುಚ್ಚಲು ಎರಡೇ ನಿಮಿಷ ಉಳಿದಿತ್ತು. ಹೊರಗೆ ಒಬ್ಬಂಟಿಯಾಗಿ ನಿಂತಿದ್ದ ಗುಬ್ಬಿಯನ್ನು ಇಮ್ತಿಯಾಜ್ ಕರೆದುಕೊಂಡ. ಅಂದು ನಾವು ಮೊದಲ ಸಲ ಒಬ್ಬರೂ ಸಾಯದೆ ತುದಿ ಮುಟ್ಟಿದೆವು. ಮರುದಿನವೂ ಹಾಗೆಯೇ ಆಯಿತು. ಮೂರು ವಾರ ಗೆಲ್ಲುತ್ತಲೇ ಹೋದೆವು, ಗೆಲ್ಲುವವರ ಕಿಟಕಿ ತೆರೆದು ನೋಡುವುದು ನನಗೂ ಮರೆತುಹೋಯಿತು. ಗುಬ್ಬಿ ಮಾತಾಡುತ್ತಿರಲಿಲ್ಲ. ನಾವೆಲ್ಲ ಮೈಕಿನಲ್ಲಿ ಕೂಗಾಡುತ್ತಿದ್ದರೆ, ಆ ಕಡೆಯಿಂದ ‘ಸರಿ’, ‘ಬಂದೆ’ ಎಂಬ ಒಂದೊಂದೇ ಪದ ಬರೆದು ಬರುತ್ತಿತ್ತು. ದೊಡ್ಡ ಆಟಗಾರನ ಗತ್ತು ಎಂದುಕೊಂಡಿದ್ದೆವು.

ಸ್ಪರ್ಧೆಗೆ ತಿಂಗಳೊಪ್ಪತ್ತು ಇದ್ದಾಗ ಎಲ್ಲರ ಸಜ್ಜನ್ನೂ ಒಮ್ಮೆ ನೋಡಲು ಕುಳಿತೆ. ಗುಬ್ಬಿಯ ಮೇಲೆ ಬೆರಳಿಟ್ಟೆ. ಕಿಟಕಿ ತೆರೆಯಿತು. ಅಂಕಿ ಐನೂರ ನಲವತ್ತು.

ಇನ್ನೊಮ್ಮೆ ಮುಚ್ಚಿ ತೆರೆದೆ, ಅಷ್ಟೇ ಇತ್ತು. ಆಯುಧದ ಚೌಕದಲ್ಲಿ ಕತ್ತಿಯಿರಲಿಲ್ಲ, ಅಲ್ಲಿ ಒಂದು ಹಿತ್ತಾಳೆಯ ಗಂಟೆ ಕೂತಿತ್ತು. ಪಾದರಕ್ಷೆ ಹೊಸಬರು ಎರಡೇ ದಿನಕ್ಕೆ ಎಸೆಯುವಂಥ ನಿಧಾನದ್ದು. ಉಂಗುರ ಯಾವುದೆಂದು ನನಗೆ ಗುರುತೂ ಸಿಗಲಿಲ್ಲ. ಮೂರು ವಾರ ಮೋಸಹೋದೆನಲ್ಲ ಎಂದು ಸಿಟ್ಟು ಬಂತು. ಆ ಕಿಟಕಿಯ ಚಿತ್ರ ತೆಗೆದು ನಮ್ಮ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ಪಡೆಯ ಆರು ಜನರಲ್ಲದೆ ಊರಿನ ಇತರ ಆಟಗಾರರೂ ಸೇರಿ ನಲವತ್ತು ಜನರಿದ್ದರು. ಚಿತ್ರದ ಕೆಳಗೆ, ‘ಇದನ್ನು ತೊಟ್ಟುಕೊಂಡು ಇಷ್ಟು ದಿನ ನಮ್ಮ ಹೆಗಲ ಮೇಲೆ ಕೂತು ಬಂದಿದ್ದಾರೆ’ ಎಂದು ಬರೆದೆ. ನಗುವ ಮುಖಗಳು ಸಾಲಾಗಿ ಬಂದವು. ಪೂಜೆಗೆ ಹೊರಟಿದ್ದಾರೋ ಯುದ್ಧಕ್ಕೋ ಎಂದು ಒಬ್ಬ ಕೇಳಿದ. ಗುಬ್ಬಿ ಬರೆಯುತ್ತಿದೆ ಎಂಬ ಸೂಚನೆ ಪರದೆಯ ಮೇಲೆ ಬಹಳ ಹೊತ್ತು ಇತ್ತು. ಕೊನೆಗೆ ಬಂದದ್ದು ಒಂದೇ ಪದ, ‘ಸರಿ’. ಆಮೇಲೆ ಆ ಹೆಸರು ಗುಂಪಿನಿಂದ ಹೊರಟುಹೋಯಿತು.

ಅದರ ಜಾಗಕ್ಕೆ ಒಂಬೈನೂರ ಅರವತ್ತರ ಒಬ್ಬನನ್ನು ತಂದೆ. ಮೂರು ಸಂಜೆ ಹತ್ತಿದೆವು, ಮೂರು ಸಂಜೆಯೂ ನಾಲ್ಕನೆಯ ಅಂತಸ್ತಿನಲ್ಲೇ ಸತ್ತೆವು. ಇಮ್ತಿಯಾಜ್ ಯಾರ ಮೇಲೂ ತಪ್ಪು ಹೊರಿಸುವವನಲ್ಲ. ಆದರೂ ಮೂರನೆಯ ದಿನ ಮೈಕಿನಲ್ಲಿ, “ಅಕ್ಕ, ಗುಬ್ಬಿ ಇದ್ದಾಗ ನಾವು ಯಾಕೆ ಸಾಯ್ತಿರ್ಲಿಲ್ಲ?” ಎಂದ. ಅಂದು ರಾತ್ರಿಯೇ ನಮ್ಮ ಹಳೆಯ ಆಟಗಳ ವೀಡಿಯೊ ಹಾಕಿಕೊಂಡು ನೋಡಿದೆ. ಆ ಗಂಟೆಯನ್ನು ಒಮ್ಮೆ ಬಾರಿಸಿದರೆ ಸಾಕು, ಅದರ ನಾದ ಹರಡಿದಷ್ಟು ದೂರ ನಿಂತವರ ಗಾಯಗಳೆಲ್ಲ ತಾವಾಗಿಯೇ ಮಾಯುತ್ತಿದ್ದವು. ಆದರೆ ಬಾರಿಸಿ ನಾಲ್ಕು ಉಸಿರಿನಷ್ಟು ಹೊತ್ತಾದ ಮೇಲೆ ಅದು ಕೆಲಸ ಮಾಡುತ್ತಿತ್ತು. ದೈತ್ಯ ನಮ್ಮನ್ನು ತುಳಿಯಲು ಕಾಲೆತ್ತಿದ ಮೇಲೆ ಬಾರಿಸಿದರೆ ಪ್ರಯೋಜನವಿಲ್ಲ. ಗುಬ್ಬಿ ಪ್ರತಿ ಸಲವೂ ಅವನು ಕಾಲೆತ್ತುವ ಮೊದಲೇ ಬಾರಿಸಿತ್ತು. ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ. ಆ ವಿದ್ಯೆಗೆ ಯಾವ ಚೌಕವೂ ಇರಲಿಲ್ಲ, ಹಾಗಾಗಿ ಅದಕ್ಕೆ ಅಂಕಿಯೂ ಇರಲಿಲ್ಲ.

ಇದಾದ ವಾರಕ್ಕೆ ಇಮ್ತಿಯಾಜ್ ನನ್ನನ್ನು ಅಂಗಡಿಗೆ ಕರೆದ. ಫೋನಿನ ಒಡೆದ ಗಾಜು ಬದಲಿಸಲು ಒಬ್ಬ ಹೆಂಗಸು ಬಂದಿದ್ದರಂತೆ. ಕೆಲಸ ಮುಗಿಸಿ ಪರದೆ ಹೊತ್ತಿಸಿದಾಗ ಅಲ್ಲಿ ಗುಬ್ಬಿ ನಿಂತಿತ್ತಂತೆ. ನೀವೇನಾ ಎಂದು ಕೇಳಿದ್ದಕ್ಕೆ ಆಕೆ ನಕ್ಕು, ಹೂಂ, ನೀವೇನಾ ಇಮ್ತಿಯಾಜ್ ಎಂದು ಕೇಳಿದರಂತೆ. ಅವರ ಕೈಬೆರಳುಗಳು ಸೊಟ್ಟಗಾಗಿ, ಗೆಣ್ಣುಗಳೆಲ್ಲ ಊದಿಕೊಂಡಿದ್ದವು ಎಂದ. ಜೊತೆಗೆ, “ನಿಮ್ ಫ್ಯಾಕ್ಟರಿಯಲ್ಲೇ ಇದ್ರಂತೆ ಅಕ್ಕ. ಚಿಕ್ಕತಾಯಮ್ಮ ಅಂತ” ಎಂದ.

ಎಲ್ಲರೂ ತಾಯಕ್ಕ ಎನ್ನುತ್ತಿದ್ದ ಆಕೆ ನನಗೆ ಚೆನ್ನಾಗಿ ನೆನಪಿದ್ದರು. ಮೂರನೆಯ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದವರು. ಹದಿನೈದು ವರ್ಷ ಅಚ್ಚುಕಟ್ಟಾಗಿ ಹೊಲಿದವರ ಕೈ ಇದ್ದಕ್ಕಿದ್ದಂತೆ ತಪ್ಪತೊಡಗಿತ್ತು. ಒಂದು ದಿನ ಅವರ ಹನ್ನೊಂದು ಕಾಲರುಗಳಿಗೆ ಬಾಣ ಅಂಟಿಸಿ ವಾಪಸ್ಸು ಕಳಿಸಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಅವರು ಕೆಲಸ ಬಿಟ್ಟಿದ್ದರು. ಏಕೆಂದು ನಾನು ವಿಚಾರಿಸಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವರ ಮನೆ ಹುಡುಕಿಕೊಂಡು ಹೋದೆ. ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲಲ್ಲಿ ನನ್ನನ್ನು ಕಂಡು ಅವರೇನೂ ಗಾಬರಿಯಾಗಲಿಲ್ಲ. “ಬನ್ನಿ ಮೇಡಂ, ಕೂತ್ಕೊಳಿ” ಎಂದು ಕುರ್ಚಿಯನ್ನು ಮೊಣಕೈಯಿಂದ ನನ್ನತ್ತ ತಳ್ಳಿದರು. ಬೆರಳು ಬಳಸದೆ ಕೆಲಸ ಮಾಡುವುದು ಅವರಿಗೆ ರೂಢಿಯಾಗಿತ್ತು. ಆಡುವಾಗ ಫೋನನ್ನು ತೊಡೆಯ ಮೇಲಿಟ್ಟು ಎಡಗೈ ಹೆಬ್ಬೆರಳೊಂದರಿಂದಲೇ ಆಡುತ್ತಿದ್ದರಂತೆ. ಕತ್ತಿ ಬೀಸಬೇಕಾದರೆ ಒಂದು ನಿಮಿಷಕ್ಕೆ ನೂರು ಸಲ ಒತ್ತಬೇಕು, ಗಂಟೆ ಬಾರಿಸಲು ಒಂದೇ ಸಲ ಒತ್ತಿದರೆ ಸಾಕು. ಆ ಉಂಗುರವೂ ಹಾಗೆಯೇ, ಒಮ್ಮೆ ಹಿಡಿದ ದಾರಿಯಲ್ಲಿ ಬೊಂಬೆ ತಾನಾಗಿಯೇ ನಡೆಯುತ್ತ ಹೋಗುವಂತೆ ಮಾಡುವಂಥದು. ಪಾದರಕ್ಷೆ ನಿಧಾನದ್ದಾದರೆ ಬೊಂಬೆಯನ್ನು ಒಂದೇ ಹೆಬ್ಬೆರಳಿನಿಂದ ತಿರುಗಿಸಬಹುದಿತ್ತು. ಏಳು ಚೌಕಗಳಲ್ಲಿ ಒಂದೂ ಯೋಚಿಸದೆ ಇಟ್ಟದ್ದಾಗಿರಲಿಲ್ಲ.

ಕಾಲರುಗಳ ವಿಷಯದಿಂದಲೇ ಶುರುಮಾಡಿ ಕ್ಷಮೆ ಕೇಳಿದೆ. ಅವರು ನಡುವೆಯೇ ತಡೆದರು.

“ಅದು ಸೊಟ್ಟ ಬಂದಿತ್ತು ಕಣ್ರೀ. ಸೊಟ್ಟ ಬಂದಿದ್ನ ಸೊಟ್ಟ ಅನ್ನೋದು ನಿಮ್ ಕೆಲ್ಸ. ಅದಕ್ಕೆ ನಾನು ಬೇಜಾರು ಮಾಡ್ಕೊಂಡಿಲ್ಲ. ಊಟದ ಹೊತ್ನಲ್ಲಿ ನೀವು ಈ ಆಟದ ಮಾತಾಡ್ತಿದ್ರಿ, ಅದನ್ನ ಕೇಳಿ ಕೇಳೇ ನಾನೂ ಹಾಕ್ಕೊಂಡಿದ್ದು. ನಿಮ್ ಪಡೆ ಅಂತ ಗೊತ್ತಿದ್ದೇ ಆವತ್ತು ಕೋಟೆ ಬಾಗಿಲಲ್ಲಿ ನಿಂತಿದ್ದೆ.”

“ಹಾಗಾದ್ರೆ ಗುಬ್ಬಿ ವಿಷಯದಲ್ಲಿ?” ಎಂದೆ.

“ಗುಬ್ಬಿದ್ರಲ್ಲಿ ಏನು ಸೊಟ್ಟ ಇತ್ತು, ಹೇಳಿ. ಮೂರು ವಾರ ನಾನು ಯಾರನ್ನಾದ್ರೂ ಸಾಯಕ್ಕೆ ಬಿಟ್ಟಿದ್ನಾ?”

ಅವರ ದನಿಯಲ್ಲಿ ಅಳುವಾಗಲಿ ಚುಚ್ಚುಮಾತಾಗಲಿ ಇರಲಿಲ್ಲ. ಕೆಲಸ ಬಲ್ಲವರು ಕೆಲಸದ ಬಗ್ಗೆ ಆಡುವ ಮಾತಾಗಿತ್ತು.

ಅದೇ ವಾರ ಆಟ ನಡೆಸುವವರು ಎಲ್ಲ ಆಟಗಾರರ ಅಭಿಪ್ರಾಯ ಕೇಳಿದ್ದರು. ಒಬ್ಬರ ಸಜ್ಜನ್ನು ಇನ್ನೊಬ್ಬರು ನೋಡುವ ಕಿಟಕಿ ಇರಬೇಕೋ ಬೇಡವೋ ಎಂಬುದು ಪ್ರಶ್ನೆ. ಆಟಗಾರರೆಲ್ಲ ಎರಡು ಬಣವಾಗಿ ಜಗಳಾಡುತ್ತಿದ್ದರು. ಅದನ್ನು ಮುಚ್ಚಬೇಕೆಂದು ಓಟು ಹಾಕುತ್ತೇನೆ ಎಂದು ತಾಯಕ್ಕನಿಗೆ ಹೇಳಿದೆ. ನಿಜ ಹೇಳಬೇಕೆಂದರೆ, ಪ್ರಾಯಶ್ಚಿತ್ತಕ್ಕೆ ಅದಕ್ಕಿಂತ ಸುಲಭವಾದದ್ದು ನನಗೆ ತೋಚಿರಲಿಲ್ಲ. ಅವರು ಮೆಚ್ಚಿಕೊಳ್ಳುತ್ತಾರೆಂದೂ ಎಣಿಸಿದ್ದೆ.

“ಮುಚ್ಚಿಬಿಟ್ರೆ ನನ್ನಂಥವ್ರು ಕಲಿಯೋದು ಹೆಂಗೆ?” ಎಂದು ಅವರು ಕೇಳಿದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಆಟಕ್ಕೆ ಹೊಸದರಲ್ಲಿ ಅವರು ಹೋದಲ್ಲೆಲ್ಲ ಸಾಯುತ್ತಿದ್ದರು. ಯಾರನ್ನಾದರೂ ಕೇಳೋಣವೆಂದರೆ ಮೊದಲು ತಮ್ಮ ಕೈಯ ಕತೆ ಹೇಳಬೇಕು, ಅದು ಅವರಿಗೆ ಬೇಕಿರಲಿಲ್ಲ. ಆಟದೊಳಗಿನ ಸಂತೆಯಲ್ಲಿ ನಿಂತು, ಹೋಗಿಬರುವವರ ಮೇಲೆಲ್ಲ ಬೆರಳಿಟ್ಟು ನೋಡುತ್ತಿದ್ದರಂತೆ. ಹೀಗೆ ನೂರಾರು ಜನರನ್ನು ನೋಡಿದ ಮೇಲೆ ಒಂದು ದಿನ ಒಬ್ಬರ ಕಿಟಕಿಯಲ್ಲಿ ಗಂಟೆ ಕಂಡಿತು.

“ಯಾರೋ ಏನೋ, ಹೆಸ್ರೂ ನೆನಪಿಲ್ಲ” ಎಂದರು. “ಅವ್ರ ಮುಂದೆ ಹೋಗಿ ನನ್ ಕೈಲಿ ಆಗಲ್ಲ ಅಂತ ಹೇಳ್ದೇನೇ ನಂಗೆ ದಾರಿ ಸಿಕ್ತು. ಆವತ್ತು ಕಿಟಕಿ ಮುಚ್ಚಿದ್ದಿದ್ರೆ ಆಟ ಬಿಟ್ಬಿಡ್ತಿದ್ದೆ. ನೀವು ನೋಡಿದ್ದಕ್ಕೆ ನಂಗೆ ಬೇಜಾರಿಲ್ಲ. ಸಂತೇಲಿ ನಾನೂ ಎಲ್ಲರನ್ನೂ ನೋಡ್ದೋಳೇ. ಫೋಟೊ ತೆಗೆದು ನಲವತ್ತು ಜನಕ್ಕೆ ಹಾಕಿದ್ರಲ್ಲ, ಅದು ನೋವಾಯ್ತು. ಅದ್ರ ಬದ್ಲು ನನ್ನನ್ನೇ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ.”

ಮತ್ತೆ ಪಡೆಗೆ ಬನ್ನಿ ಎಂದು ಕರೆದೆ. ಎರಡು ದಿನ ಯೋಚಿಸಿ ಒಪ್ಪಿದರು. ಅವರ ಜಾಗಕ್ಕೆ ಬಂದಿದ್ದವನು ಅಷ್ಟರಲ್ಲಿ ಬೇರೆ ಪಡೆ ಸೇರಿದ್ದ. ಅದೇ ಗುಂಪಿನಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆಂದೆ. ಬರೀರಿ, ಆದರೆ ಸಜ್ಜಿನ ಬಗ್ಗೆ ಮಾತ್ರ, ಕೈ ಬಗ್ಗೆ ಬೇಡ ಎಂದರು. ಹಾಗೆಯೇ ಬರೆದೆ. ಗಂಟೆ ಏನು ಮಾಡುತ್ತದೆ, ಗುಬ್ಬಿ ಅದನ್ನು ಯಾವಾಗ ಬಾರಿಸುತ್ತದೆ, ನಾನು ಏನನ್ನು ನೋಡಲಿಲ್ಲ ಎಂಬುದನ್ನೆಲ್ಲ ವಿವರಿಸಿ, ತಪ್ಪು ನನ್ನದು ಎಂದೆ. ನಗುವ ಮುಖ ಹಾಕಿದ್ದವರಲ್ಲಿ ಕೆಲವರು ಕ್ಷಮೆ ಕೇಳಿದರು, ಕೆಲವರು ಸುಮ್ಮನಿದ್ದರು. ತಾಯಕ್ಕನ ಕೈಯ ವಿಷಯವನ್ನು ಇಂದು ಇಲ್ಲಿ ಹೇಳಿರುವುದು, ಎಷ್ಟೋ ಕಾಲದ ಮೇಲೆ ಅವರೇ ‘ಈಗ ಹೇಳಿದರೆ ಚಿಂತೆಯಿಲ್ಲ’ ಎಂದದ್ದಕ್ಕೆ.

ಕಾರ್ಖಾನೆಯಲ್ಲಿ ನನ್ನ ಬಾಣಗಳು ಕಡಿಮೆಯಾಗಲಿಲ್ಲ. ಸೊಟ್ಟ ಹೊಲಿಗೆಯನ್ನು ಇಂದಿಗೂ ಸೊಟ್ಟವೆಂದೇ ಹೇಳುತ್ತೇನೆ. ಆದರೆ ಒಬ್ಬರದೇ ಕೈ ಮತ್ತೆ ಮತ್ತೆ ತಪ್ಪುವುದು ಕಂಡರೆ, ಅಂಗಿಯನ್ನು ಹಿಡಿದು ನಾನೇ ಅವರ ಮಿಷಿನ್ನಿನ ಬಳಿಗೆ ಹೋಗುತ್ತೇನೆ. ಎಷ್ಟೋ ಸಲ ಕಾರಣ ಅಲ್ಲೇ ಕಣ್ಣೆದುರು ಇರುತ್ತದೆ.

ನನ್ನ ಓಟು ಕಿಟಕಿ ತೆರೆದಿರಲಿ ಎಂಬುದಕ್ಕೇ ಬಿತ್ತು. ಆ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಮುಚ್ಚಿಟ್ಟರೆ ಅವಮಾನ ಮಾಡುವವರು ಇನ್ನೊಂದು ದಾರಿ ಹುಡುಕಿಕೊಳ್ಳುತ್ತಾರೆ, ಕಲಿಯಲು ಬಂದವರು ಮಾತ್ರ ಬರಿಗೈಯಲ್ಲಿ ಹೋಗುತ್ತಾರೆ. ಓಟಿನ ಫಲಿತಾಂಶವೂ ಹಾಗೆಯೇ ಬಂತು. ಆಟದವರು ಒಂದು ಬದಲಾವಣೆ ಮಾತ್ರ ಮಾಡಿದರು. ಯಾರು ನಮ್ಮ ಕಿಟಕಿ ತೆರೆದು ನೋಡಿದರೆಂಬುದು ಅಂದಿನಿಂದ ನಮಗೂ ತಿಳಿಯುತ್ತಿತ್ತು, ಅವರ ಹೆಸರು ನಮ್ಮ ಪರದೆಯ ಮೇಲೆ ಬರುತ್ತಿತ್ತು. ತಾಯಕ್ಕ ಅದನ್ನು ಕೇಳಿ, ಬಾಗಿಲು ತಟ್ಟಿ ಒಳಕ್ಕೆ ಬಂದ ಹಾಗಾಯ್ತು ಎಂದರು.

ಸ್ಪರ್ಧೆಯ ದಿನ ನಾನು ಅವರ ಮನೆಗೇ ಹೋಗಿ ಪಕ್ಕದಲ್ಲಿ ಕುಳಿತು ಆಡಿದೆ. ಇಮ್ತಿಯಾಜ್ ಅಂಗಡಿಯಿಂದ, ಉಳಿದವರು ಅವರವರ ಮನೆಗಳಿಂದ. ತಾಯಕ್ಕ ಆಡುವುದನ್ನು ನಾನು ಕಣ್ಣಾರೆ ನೋಡಿದ್ದು ಅಂದೇ ಮೊದಲು. ಎಲ್ಲ ಅಂತಸ್ತುಗಳನ್ನೂ ಅವರು ಹೆಚ್ಚುಕಡಿಮೆ ಅಲ್ಲಾಡದೆ ಹತ್ತಿದರು. ದೈತ್ಯನ ಮುಂದೆ ನಾವು ಐವರು ಹುಚ್ಚು ಹಿಡಿದವರಂತೆ ಪರದೆ ಕುಟ್ಟುತ್ತಿದ್ದಾಗ, ಅವರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಕಾಲೆತ್ತುವ ಮುಂಚೆ ಅವನ ಮೊಣಕಾಲಿನ ಕಲ್ಲು ಕಿರುಗುಟ್ಟುವ ಸಣ್ಣ ಸದ್ದೊಂದಿತ್ತು. ನಮ್ಮ ಕೂಗಾಟದಲ್ಲಿ ಅದು ನಮಗೆ ಎಂದೂ ಕೇಳಿಸಿರಲಿಲ್ಲ. ಸದ್ದಾದೊಡನೆ ಹೆಬ್ಬೆರಳು ಒಮ್ಮೆ ಒತ್ತುತ್ತಿತ್ತು, ಮತ್ತೆ ಕೈ ಮಡಿಲಿಗೆ ಹೋಗಿ ಸುಮ್ಮನೆ ಮಲಗುತ್ತಿತ್ತು. ಹಾಗೆ ಹದಿನೇಳು ಸಲ. ಹದಿನೇಳನೆಯದರ ಹಿಂದೆಯೇ ದೈತ್ಯ ಮೊಣಕಾಲೂರಿ ಮುಂದಕ್ಕೆ ಬಿದ್ದ. ಸಾವಿರಾರು ಪಡೆಗಳಲ್ಲಿ ವೇಗದ ಲೆಕ್ಕದಲ್ಲಿ ನಮ್ಮದು ಒಂಬತ್ತನೆಯ ಸ್ಥಾನ. ಒಬ್ಬರೂ ಸಾಯದೆ ಇಳಿದ ಪಡೆ ನಮ್ಮದೊಂದೇ.

ಇಮ್ತಿಯಾಜನ ಮಾತು ಫೋನಿನಿಂದ ಬರುತ್ತಲೇ ಇತ್ತು. ತಾಯಕ್ಕ ತಮ್ಮ ಫೋನನ್ನು ಗೋಡೆಗೆ ಒರಗಿಸಿ ಇಟ್ಟು, ಟೀ ಮಾಡ್ತೀನಿ ಎಂದು ಎದ್ದು ಅಡುಗೆಮನೆಗೆ ಹೋದರು. ಸಂಜೆಯ ಬಿಸಿಲು ಬಾಗಿಲಿನಿಂದ ಒಳಗೆ ಚಾಪೆಯವರೆಗೂ ಬಂದಿತ್ತು. ಅಷ್ಟರಲ್ಲಿ ಅವರ ಪರದೆಯ ಮೂಲೆಯಲ್ಲಿ ಒಂದು ಹೆಸರು ಕಾಣಿಸಿತು. ಅದರ ಹಿಂದೆ ಇನ್ನೊಂದು. ಯಾವ್ಯಾವುದೋ ಊರಿನವರು, ನಾವು ಎಂದೂ ಕಾಣದವರು, ಗುಬ್ಬಿ ಏನು ತೊಟ್ಟಿದೆಯೆಂದು ನೋಡಲು ಬರುತ್ತಿದ್ದರು. ಕರೆದು ಹೇಳಿದೆ. “ನೋಡ್ಕೊಳ್ಲಿ ಬಿಡಿ” ಎಂದು ಒಳಗಿನಿಂದಲೇ ಅಂದರು. ಹಾಲು ಉಕ್ಕಿ ಬರುವ ಸದ್ದು, ಲೋಟ ಜೋಡಿಸುವ ಸದ್ದು ಕೇಳುತ್ತಿತ್ತು. ನಾನು ಚಾಪೆಯ ಮೇಲೆ ಕುಳಿತು, ಒಂದರ ಕೆಳಗೊಂದು ಮೂಡುತ್ತ ಬರುತ್ತಿದ್ದ ಆ ಹೆಸರುಗಳನ್ನು ಓದುತ್ತಿದ್ದೆ.