ಕಾಮಣ್ಣನ ಕಹಿ ಮಜ್ಜಿಗೆ

ತುಬಚಿಯ ಕಾಮಣ್ಣನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸವಿದ್ದದ್ದು ನಾಯಿಗೆ. ಮುಧೋಳದ ತಳಿ, ಸೊಂಟ ಸಣ್ಣದು, ಸೊಕ್ಕು ದೊಡ್ಡದು, ಹೆಸರು ಮೋತಿ. ಹಗಲೆಲ್ಲ ಕುರಿ ಕಾಯಬೇಕು. ಸಂಜೆ ಮನೆಗೆ ಬಂದರೆ ಗಂಡ ಹೆಂಡತಿಯ ನಡುವೆ ಮಾತು ಸಾಗಿಸಬೇಕು.

"ಮೋತಿ, ರೊಟ್ಟಿ ಆಗ್ಯಾವ. ಉಣ್ಣೋರು ಬರಬೇಕಂತ ಹೇಳು" ಎಂದು ಸೋಮವ್ವ ಒಲೆಯ ಮುಂದಿನಿಂದ ಕೂಗುತ್ತಿದ್ದಳು.

"ಮೋತಿ, ಕೈ ತೊಳಕೊಂಡ ಬಂದೆ ಅಂತ ಹೇಳಲೇ" ಎಂದು ಕಾಮಣ್ಣ ಅಂಗಳದಿಂದ ಅನ್ನುತ್ತಿದ್ದ.

ಮೋತಿ ಇಬ್ಬರ ಕಡೆಗೂ ಬಾಲ ಅಲ್ಲಾಡಿಸುತ್ತಿತ್ತು. ಊರು ಬಿಟ್ಟು ಹೊರಟಾಗ ಈ ಕೆಲಸ ಬಸ್ಸಿನ ಕಂಡಕ್ಟರನ ಪಾಲಿಗೆ ಬೀಳುತ್ತಿತ್ತು. "ತಮ್ಮಾ, ರೊಕ್ಕ ಅವರ ಕಿಸೇದಾಗ ಐತಿ, ತಗೀರಿ ಅಂತ ಹೇಳು" ಎಂದು ಸೋಮವ್ವ ಹೇಳುವಾಗ ಆ 'ಅವರು' ಅವಳ ಮಗ್ಗುಲಲ್ಲೇ ಕೂತಿರುತ್ತಿದ್ದರು.

ಸಿಟ್ಟಿಗೆ ಕಾರಣ ಸಣ್ಣದಲ್ಲ. ಕಾಮಣ್ಣ ಹಿಂದೊಮ್ಮೆ ಕುರಿ ಮಾರಲು ದೂರದ ಪೇಟೆಗೆ ಹೋಗಿ, ಗೆಳೆಯರ ಮಾತು ಕೇಳಿ ಹೋಗಬಾರದ ಮನೆಗೆ ಹೋಗಿ ಬಂದಿದ್ದ. ಮುಂದೆ ಸೋಮವ್ವನಿಗೆ ಬಂದ ಜ್ವರ ಬಿಡದೆ ಹೋದಾಗ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿದರು. ಇಬ್ಬರಲ್ಲೂ ಎಚ್‌ಐವಿ ಇತ್ತು. ಕಾಮಣ್ಣ ಹಣೆ ಹಣೆ ಬಡಿದುಕೊಂಡು ಅತ್ತ. ಸೋಮವ್ವ ಅಳಲಿಲ್ಲ, ಬೈಯಲಿಲ್ಲ, ತವರಿಗೂ ಹೋಗಲಿಲ್ಲ. ಮಾತು ಬಿಟ್ಟಳು, ಅಷ್ಟೇ. ಬೈದಿದ್ದರೆ ಒಂದು ವಾರಕ್ಕೆ ಮುಗಿಯುತ್ತಿತ್ತು.

ಜಮಖಂಡಿಯ ಆಸ್ಪತ್ರೆಯ ಮಾತ್ರೆಗಳನ್ನು ಇಬ್ಬರೂ ತಪ್ಪದೆ ನುಂಗುತ್ತಿದ್ದರು. ಕಾಮಣ್ಣ ಸುಧಾರಿಸಿಕೊಂಡ. ಸೋಮವ್ವ ಮಾತ್ರ ಸೊರಗುತ್ತಲೇ ಇದ್ದಳು. ರೋಗದ ಜೊತೆ ಜಗಳಾಡುವ ಶಕ್ತಿ ರಕ್ತದಲ್ಲಿ ಎಷ್ಟಿದೆ ಎಂದು ಡಾಕ್ಟರು ಆಗಾಗ ಅಳೆಯುತ್ತಿದ್ದರು, ಅವಳದು ಮೇಲೇಳುತ್ತಲೇ ಇರಲಿಲ್ಲ. ಗಂಡನ ಜೊತೆ ಜಗಳಾಡುವ ಶಕ್ತಿ ಇಷ್ಟಿರುವಾಗ ರೋಗದ ಮುಂದೆ ಯಾಕೆ ಸೋಲುತ್ತಾಳೋ ಕಾಮಣ್ಣನಿಗೆ ತಿಳಿಯದು. ಅವಳು ಸತ್ತರೆ ತಾನೇ ಕೊಂದಂತೆ ಎಂಬುದೊಂದು ಮಾತ್ರ ಅವನಿಗೆ ಚೆನ್ನಾಗಿ ತಿಳಿದಿತ್ತು.

ಆಗ ಬಂದವಳು ಡಾಕ್ಟರ್ ನೇಹಾ, ತೇರದಾಳದ ಜೈನರ ಹುಡುಗಿ. ಮಾತ್ರೆಗಳ ಜೊತೆ ಒಂದು ಪುಡಿ ಕೊಟ್ಟರೆ ರೋಗ ತಡೆಯುವ ಶಕ್ತಿ ಹೆಚ್ಚುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವ ತಂಡದಲ್ಲಿದ್ದಳು.

"ಕಾಕಾ, ಕಾಕೂ, ಸರಿಯಾಗಿ ಕೇಳ್ರಿ" ಎಂದಳು. "ಕೆಲವರ ಡಬ್ಬಿಯೊಳಗ ಔಷಧ ಇರತೈತಿ, ಕೆಲವರದರಾಗ ಬರೇ ಪುಡಿ. ಎರಡರ ಬಣ್ಣಾನೂ ಒಂದ, ರುಚೀನೂ ಒಂದ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಂಗಿಲ್ಲ, ನನಗೂ ಗೊತ್ತಿರಂಗಿಲ್ಲ. ನಿಮ್ಮ ಪುಡಿ ನೀವ ತಗೋಬೇಕು. ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಡಬಹುದು, ಮಾತ್ರಿ ಏನ್ ನಿಲ್ಲಂಗಿಲ್ಲ."

ಇಬ್ಬರೂ ಒಪ್ಪಿ ಒಂದೊಂದು ಡಬ್ಬಿ ಹಿಡಿದುಕೊಂಡು ಊರಿಗೆ ಬಂದರು. ಡಾಕ್ಟರಿಗೆ ಗೊತ್ತಿಲ್ಲದಿದ್ದರೇನು, ಬೀರಪ್ಪನಿಗೆ ಗೊತ್ತಿರುತ್ತದಲ್ಲ! ಕಾಮಣ್ಣ ತನ್ನ ಡಬ್ಬಿಯನ್ನು ಗುಡಿಗೆ ಒಯ್ದು, ಭಂಡಾರ ಹಚ್ಚಿ, ದೇವರ ಮುಂದಿಟ್ಟು ಹೂ ಕೇಳಿದ. ಇದರಲ್ಲಿ ಖರೆ ಔಷಧ ಇದ್ದರೆ ಬಲಕ್ಕೆ ಕೊಡು ಎಂದ. ಹೂ ಬಲಕ್ಕೇ ಬಿತ್ತು. ಸೋಮವ್ವನ ಡಬ್ಬಿಯ ಬಗ್ಗೆ ಅವನು ಕೇಳಲೇ ಇಲ್ಲ. ಒಂದೇ ದಿನ ದೇವರನ್ನು ಎರಡೆರಡು ಸಲ ಪೇಚಿಗೆ ಸಿಕ್ಕಿಸಬಾರದೆಂಬ ಮರ್ಯಾದೆ ಇದ್ದೀತು.

ಅವತ್ತೇ ಅವನು ನಿರ್ಧಾರ ಮಾಡಿಬಿಟ್ಟ. ಬ್ಯಾನಿ ಕೊಟ್ಟವನು ನಾನು, ಔಷಧ ಕೊಡುವವನೂ ನಾನೇ ಆಗಬೇಕು.

ಸೋಮವ್ವ ತನ್ನ ಪುಡಿಯನ್ನು ಮುಂಜಾನೆ ನೀರಿಗೆ ಹಾಕಿಕೊಂಡು ಕುಡಿಯುತ್ತಿದ್ದಳು. ಸಂಜೆ ಊಟಕ್ಕೆ ಎರಡು ಲೋಟ ಮಜ್ಜಿಗೆ ತುಂಬಿಟ್ಟು ರೊಟ್ಟಿಯ ಕಡೆ ತಿರುಗುವಳು. ಕಾಮಣ್ಣ ಕಳ್ಳಬೆಕ್ಕಿನಂತೆ ಬಂದು ತನ್ನ ಪುಡಿಯನ್ನು ಅವಳ ಲೋಟಕ್ಕೆ ಸುರಿದು, ಬೆರಳಿನಿಂದ ತಿರುವಿ, ಕೈ ತೊಳೆಯಲು ಹೋಗುವನು. ಅವನು ಬರುವಷ್ಟರಲ್ಲಿ ಸೋಮವ್ವ ತನ್ನ ಲೋಟವನ್ನು ಅರ್ಧ ಕುಡಿದಿರುತ್ತಿದ್ದಳು. ಕಾಮಣ್ಣನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಒಂದೇ ಒಂದು ತಕರಾರೆಂದರೆ ಅವನ ಪಾಲಿನ ಮಜ್ಜಿಗೆಯದು.

"ಮೋತಿ, ಮಜ್ಜಿಗಿ ಕಹಿ ಆಗೇತಿ ಅಂತ ಹೇಳು."

"ಮೋತಿ, ಮಜ್ಜಿಗಿ ಛಲೋ ಐತಿ, ಕುಡಿಯೋರ ಬಾಯಿ ಕೆಟ್ಟೈತಿ ಅಂತ ಹೇಳು. ಒಂದ ಹನಿ ಬಿಡಬಾರದು ಅಂತನೂ ಹೇಳು."

ಕಾಮಣ್ಣ ಮುಖ ಹಿಂಡಿಕೊಂಡು ಕುಡಿಯುತ್ತಿದ್ದ. ತಪ್ಪು ಮಾಡಿದವನಿಗೆ ಮಜ್ಜಿಗೆಯ ರುಚಿ ಕೇಳುವ ಹಕ್ಕು ಎಲ್ಲಿಯದು?

ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಮತ್ತೆ ರಕ್ತದ ಪರೀಕ್ಷೆ ಆಯಿತು. ನೇಹಾಳ ಮುಖ ಅರಳಿತ್ತು.

"ಕಾಕೂ, ನಿಮ್ಮ ಶಕ್ತಿ ಏರೇತಿ. ಈಗ ಹೆದರಿಕಿ ಇಲ್ಲ."

ಕಾಮಣ್ಣನ ಕಣ್ಣು ತುಂಬಿದವು. ಬೀರಪ್ಪಾ, ಉಳಿಸಿದಿ ಎಂದು ಅಲ್ಲೇ ಕೈ ಮುಗಿದ. ಅಷ್ಟಕ್ಕೇ ಸುಮ್ಮನಿದ್ದರೆ ಕತೆ ಮುಗಿದಿರುತ್ತಿತ್ತು.

"ಕಾಕಾ, ನಿಮ್ಮದೂ ಏರೇತಿ."

"ಅದ ಹೆಂಗ ಏರತೈತ್ರಿ ಬಾಯಾರ?" ಕಾಮಣ್ಣ ಬಾಯಿ ತೆರೆದ. "ನಾ ಪುಡಿ ತಗೊಂಡೇ ಇಲ್ಲಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೇಹಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಕಾಮಣ್ಣ ತಲೆ ಬಗ್ಗಿಸಿ ಗುಡಿ, ಹೂ, ಲೋಟ ಎಲ್ಲವನ್ನೂ ಒಪ್ಪಿಸಿದ. "ತಪ್ಪ ನಂದು. ನನ್ನ ತಗದ ಹಾಕ್ರಿ. ಆಕೀ ಕೈ ಬಿಡಬ್ಯಾಡ್ರಿ. ಆಕಿಗಿ ಏನೂ ಗೊತ್ತಿಲ್ರಿ."

"ಅಯ್ಯ ಕಾಕಾ! ಒಬ್ಬರಿಗೇ ಎರಡು ಪಾಲು ಹೋದ್ರ ಇಬ್ಬರ ಲೆಕ್ಕಾನೂ ಕೆಟ್ಟಂಗಲ್ರಿ? ಕಾಕೂಗ ಏನರ ಹೆಚ್ಚುಕಮ್ಮಿ ಆಗಿದ್ರ?" ಎಂದಳು ನೇಹಾ.

ಸೋಮವ್ವ ಸೆರಗು ಸರಿಮಾಡಿಕೊಂಡಳು. "ಬಾಯಾರ, ಏನೂ ಕೆಟ್ಟಿಲ್ಲ. ಮೊದಲನೇ ದಿನಾನ ನಾ ನೋಡೇನಿ. ಇವರು ಕೈ ತೊಳಿಯಾಕ ಹೋದಕೂಡ್ಲೆ ಲೋಟ ಅದಲಬದಲ ಮಾಡತಿದ್ದೆ. ಇವರ ಪುಡಿ ಇವರ ಹೊಟ್ಟಿಗೇ ಹೋಗೇತಿ. ದಿನಾ."

ಕಾಮಣ್ಣನಿಗೆ ಇಷ್ಟು ದಿನದ ಕಹಿಯೆಲ್ಲ ಒಮ್ಮೆಗೇ ನೆನಪಾಯಿತು. ನೇಹಾ ನಗಲೋ ಬೇಡವೋ ಎಂದು ತುಟಿ ಕಚ್ಚಿಕೊಂಡು, ಇದನ್ನೆಲ್ಲ ಇದ್ದಂತೆಯೇ ದೊಡ್ಡ ಡಾಕ್ಟರಿಗೆ ಹೇಳಬೇಕಾಗುತ್ತದೆ ಎಂದಳು. ಆಮೇಲೆ ಕೇಳಿದಳು, "ಕಾಕೂ, ನೀವು ಇವರ ಕೂಡ ಮಾತ ಆಡಂಗಿಲ್ಲ. ಮತ್ತ ಯಾಕ?"

"ಸಿಟ್ಟ ಐತ್ರಿ, ಖರೆ" ಎಂದಳು ಸೋಮವ್ವ. "ಸಾಯಲಿ ಅಂತ ನಾ ಯಾವಾಗ ಅಂದೇನಿ?"

ಆ ಪುಡಿ ಔಷಧವೋ ಬರೇ ಪುಡಿಯೋ ನೇಹಾಳಿಗೂ ಇನ್ನೂ ಗೊತ್ತಿರಲಿಲ್ಲ. ಕಾಮಣ್ಣನಿಗೆ ಅದನ್ನು ಕೇಳುವ ನೆನಪೇ ಆಗಲಿಲ್ಲ. ಬಸ್ ನಿಲ್ದಾಣದವರೆಗೂ ಅವನು ಹೆಂಡತಿಯ ಹಿಂದೆ ಹಿಂದೆ ನಡೆದ, ಕಣ್ಣೊರೆಸಿಕೊಳ್ಳುತ್ತ. ತುಬಚಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಅವರಿಬ್ಬರೇ.

"ಇವತ್ತಾದ್ರೂ ಮಜ್ಜಿಗಿಗಿ ಬೆರಳ ಹಾಕಿ ತಿರುವಬ್ಯಾಡ್ರಿ" ಎಂದಳು ಸೋಮವ್ವ. "ಚಮಚೆ ಐತಿ ಮನ್ಯಾಗ."

ಈ ಮಾತನ್ನು ತನಗೆ ಮುಟ್ಟಿಸಲು ಯಾರಿಗೆ ಹೇಳಿದಳೆಂದು ಕಾಮಣ್ಣ ಸುತ್ತ ನೋಡಿದ. ಕಂಡಕ್ಟರ್ ಇರಲಿಲ್ಲ. ಬೆಂಚಿನ ಕೆಳಗೂ ಬಗ್ಗಿ ನೋಡಿದ. ಮೋತಿ ಊರಲ್ಲಿತ್ತು.